ಸಮುದ್ರದ ನೀರು ತಾಗಿದ ಕ್ಷಣ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿದವರಿಗೆ ಇಂದಿನ ವಿಷಯದ ಅರ್ಧ ಈಗಾಗಲೇ ಗೊತ್ತಿದೆ. ಉಪ್ಪು ಬಿದ್ದ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದೆಯಲ್ಲವೇ? ಕಡಲ ಮೀನಿನ ವೀರ್ಯಾಣು ಕಡಲಿಗೆ ಬಿದ್ದಾಗಲೂ ಹಾಗೆಯೇ ಅದರೊಳಗಿನ ನೀರು ಹೊರಗೆ ಹೋಗುತ್ತದೆ. ಮಿಡಿ ಮುದುಡಿಕೊಂಡು ಕೂರುತ್ತದೆ, ವೀರ್ಯಾಣು ಎದ್ದು ಓಡುತ್ತದೆ.

ಗಂಡುಮೀನಿನ ಹೊಟ್ಟೆಯಲ್ಲಿ ಇರುವಷ್ಟು ದಿನ ವೀರ್ಯಾಣು ಕದಲುವುದಿಲ್ಲ. ಅಲ್ಲಿನ ದ್ರವ ಸಮುದ್ರದ ನೀರಿಗಿಂತ ಬಹಳ ತೆಳು, ಕರಗಿರುವ ಉಪ್ಪು ಮೊದಲಾದವುಗಳ ಸಾಂದ್ರತೆಯಲ್ಲಿ ಅದರ ಸುಮಾರು ಮೂರರಲ್ಲಿ ಒಂದು ಪಾಲು.

ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಮೀನುಮರಿ ಉತ್ಪಾದನಾ ಕೇಂದ್ರವೊಂದರಲ್ಲಿ ಹೊಸದಾಗಿ ಸೇರಿದ್ದೆ. ಸೀಬಾಸ್ ಗಂಡುಮೀನಿನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ, ಹಾಲಿನಂಥ ವೀರ್ಯವನ್ನು ಬಟ್ಟಲಿಗೆ ಹಿಡಿದೆ. ಮೀನಿನ ಮೈಯಿಂದ ತೊಟ್ಟಿಯ ಸಮುದ್ರದ ನೀರು ಇಳಿದು ಅದೇ ಬಟ್ಟಲಿಗೆ ಬೀಳುತ್ತಿತ್ತು. ನಾನು ಲಕ್ಷ್ಯ ಕೊಡಲಿಲ್ಲ. ಪುಸ್ತಕದಲ್ಲಿ ದಿನಾಂಕ ಬರೆದೆ, ಮೀನಿನ ತೂಕ ಬರೆದೆ, ಗಾಜಿನ ಪಟ್ಟಿಗಳನ್ನು ಒರೆಸಿ ಜೋಡಿಸಿದೆ. ಅರ್ಧ ಗಂಟೆ ಕಳೆದು ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಒಂದು ಬಾಲವೂ ಅಲುಗುತ್ತಿರಲಿಲ್ಲ. ಮೀನಿಗೆ ರೋಗ ಬಂದಿದೆ ಎಂದು ಗಾಬರಿಯಾಗಿ ಹಿರಿಯರನ್ನು ಕರೆದೆ. ಅವರು ಸೂಕ್ಷ್ಮದರ್ಶಕದ ಕಡೆ ನೋಡಲೇ ಇಲ್ಲ, ನನ್ನ ಒದ್ದೆ ಕೈ ನೋಡಿದರು. ಅದೇ ಮೀನನ್ನು ಬಟ್ಟೆಯಿಂದ ಒರೆಸಿ, ಒಣಗಿದ ಸಿರಿಂಜಿನಲ್ಲಿ ಮತ್ತೆ ವೀರ್ಯ ತೆಗೆದು ಗಾಜಿನ ಮೇಲೆ ಒಂದಿಷ್ಟು ಸವರಿದರು. ಎಲ್ಲವೂ ನಿಶ್ಚಲ. "ಈಗ ನೋಡಮ್ಮ" ಎಂದು ಒಂದು ಹನಿ ಸಮುದ್ರದ ನೀರು ಬಿಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಗಾಜು ಕುದಿಯುವ ಅನ್ನದಂತೆ ಚಡಪಡಿಸಿತು! ಕೆಲವು ನಿಮಿಷಗಳಲ್ಲಿ ಆ ಓಟ ತಣ್ಣಗಾಯಿತು. ನನ್ನ ಬಟ್ಟಲಿನ ವೀರ್ಯಾಣುಗಳು ಮೊಟ್ಟೆಯನ್ನು ಕಾಣದೆಯೇ ಓಡಿ ಮುಗಿಸಿದ್ದವು.

ಉಪ್ಪು ಒಳಗೆ ನುಗ್ಗಿ ಎಬ್ಬಿಸುತ್ತದೆ ಎಂದು ಹಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ನೀರು ಹೊರಗೆ ಹೋಗುವುದೇ ಮುಖ್ಯ. ಉಪ್ಪೇ ಇಲ್ಲದ ಗಟ್ಟಿ ಸಕ್ಕರೆ ದ್ರಾವಣಕ್ಕೆ ಹಾಕಿದರೂ ಹಲವು ಕಡಲ ಮೀನುಗಳ ವೀರ್ಯಾಣುಗಳು ಓಡುತ್ತವೆ. ಸುತ್ತಲಿನ ದ್ರವದ ಸಾಂದ್ರತೆಗೆ ಇಷ್ಟು ಶಕ್ತಿಯಿದೆ ಎಂದು ಜಪಾನಿನ ಮೋರಿಸಾವಾ ಮತ್ತು ಸುಝುಕಿ 1980ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ನೀರು ಹೋದಾಗ ಒಳಗೆ ಉಳಿದ ಪೊಟ್ಯಾಸಿಯಂ, ಕ್ಯಾಲ್ಸಿಯಂ ದಟ್ಟವಾಗುತ್ತವೆ, ಬಾಲದ ಯಂತ್ರ ಚಾಲೂ ಆಗುತ್ತದೆ.

ಕಾಟ್ಲಾ, ರೋಹುಗಳಂಥ ಸಿಹಿನೀರಿನ ಮೀನುಗಳಲ್ಲಿ ಇದೆಲ್ಲ ತಿರುವುಮುರುವು. ಅಲ್ಲಿ ತೆಳು ನೀರು ಎಬ್ಬಿಸುತ್ತದೆ, ಓಟವೂ ಬಲು ಚಿಕ್ಕದು. ಅದರ ಬಗ್ಗೆ ಹೇಳಲು ಇಂದು ಸಮಯವಿಲ್ಲ.

ಮರಿ ಉತ್ಪಾದನಾ ಕೇಂದ್ರಗಳಲ್ಲಿ ದುಡಿಯುವ ತಮ್ಮ ತಂಗಿಯರೇ, ಮೀನಿನ ಹೊಟ್ಟೆ ಒರೆಸಿ, ಕೈ ಒರೆಸಿ, ಬಟ್ಟಲು ಒರೆಸಿ. ಒಣಗಿದ ಬಟ್ಟಲಿನಲ್ಲಿ ಮೊಟ್ಟೆ ಮತ್ತು ವೀರ್ಯವನ್ನು ಮೊದಲು ಬೆರೆಸಿ. ಸಮುದ್ರದ ನೀರು ಆಮೇಲೆ. ನಮಸ್ಕಾರ.