ರನ್ ಅಂದರೆ ಬರೀ ಓಡುವುದಲ್ಲ

ಕೇಳುಗರಿಗೆಲ್ಲ ನಮಸ್ಕಾರ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಮನೆಯಲ್ಲಿ ಅವರಿಗೆ ಪಾಠ ಹೇಳಿಕೊಡುವ ಅಪ್ಪ ಅಮ್ಮಂದಿರು, ಇವತ್ತು ನನ್ನ ಮಾತು ನಿಮ್ಮ ಜೊತೆ. ವಿಷಯ ಒಂದೇ ಒಂದು ಪದ: ರನ್.

ರನ್ ಅಂದರೆ ಓಡು. ಎಲ್ಲರಿಗೂ ಗೊತ್ತು, ಅಲ್ವಾ? ಹಾಗಾದರೆ 'ಮೈ ನೋಸ್ ಈಸ್ ರನ್ನಿಂಗ್' ಅಂದರೆ? ಮೂಗು ಓಡುವುದಿಲ್ಲ, ಸೋರುತ್ತದೆ. 'ಶೀ ರನ್ಸ್ ಎ ಹೋಟೆಲ್' ಅಂದರೆ ಆಕೆ ಹೋಟೆಲ್ ನಡೆಸುತ್ತಾರೆ. ಒಗೆಯುವಾಗ ಸೀರೆಯ ಬಣ್ಣ ರನ್ ಆಯಿತು ಅಂದರೆ ಬಣ್ಣ ಬಿಟ್ಟಿತು ಅಂತ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗಾಗಿ ಈ ಪದವನ್ನು ಪರಿಷ್ಕರಿಸಿದವರು ಪೀಟರ್ ಗಿಲಿವರ್. ಕ್ರಿಯಾಪದವೊಂದಕ್ಕೇ ಅವರು 645 ಅರ್ಥ ಗುರುತಿಸಿದರು. ಅದಕ್ಕೆ ಸುಮಾರು 9 ತಿಂಗಳು ಹಿಡಿಯಿತು.

645 ಅರ್ಥ ಬಾಯಿಪಾಠ ಮಾಡಬೇಕಾ ಅಂತ ಗಾಬರಿಯಾಗಬೇಡಿ. ಪದವನ್ನು ಒಂಟಿಯಾಗಿ ಕಲಿಯಬೇಡಿ, ವಾಕ್ಯದೊಳಗೆ ಕಲಿಯಿರಿ. ನಾನು ಹೇಳಬೇಕಾದ್ದು ಇಷ್ಟೇ.

ಆ ನಿಘಂಟು ಹುಟ್ಟಿದ್ದೂ ಹೀಗೇ. ಅದರ ಸಂಪಾದಕ ಜೇಮ್ಸ್ ಮರ್ರೆ. ಆಕ್ಸ್‌ಫರ್ಡ್‌ನಲ್ಲಿ ಮನೆಯ ಹಿತ್ತಲಿನಲ್ಲೇ ತಗಡಿನ ಶೆಡ್ ಹಾಕಿಸಿಕೊಂಡಿದ್ದರು. ನೋಟಕ್ಕೆ ಅಡ್ಡ ಬರುತ್ತೆ ಅಂತ ಪಕ್ಕದ ಮನೆಯವರು ತಕರಾರು ತೆಗೆದರು. ಸರಿ, ನೆಲ ಅಗೆದು ಶೆಡ್ಡನ್ನು ತಗ್ಗಿನಲ್ಲಿ ಕೂರಿಸಬೇಕಾಯಿತು. ಒಳಗೆ ಸದಾ ತೇವ, ಚಳಿ. ಮರ್ರೆ ಕಾಲನ್ನು ಪೆಟ್ಟಿಗೆಯೊಳಗೆ ಇಟ್ಟುಕೊಂಡು ಬರೆಯುತ್ತಿದ್ದರಂತೆ! ದೇಶವಿದೇಶಗಳ ಓದುಗರು ಚೀಟಿಗಳನ್ನು ಕಳಿಸುತ್ತಿದ್ದರು. ಟಪಾಲು ಎಷ್ಟು ಜಾಸ್ತಿಯಾಯಿತೆಂದರೆ, ಅವರ ಮನೆ ಮುಂದೆಯೇ ಅಂಚೆ ಡಬ್ಬಿ ನಿಲ್ಲಿಸಿದರು. ಚೀಟಿ ಜೋಡಿಸುವ ಕೆಲಸ ಮರ್ರೆಯ ಮಕ್ಕಳದ್ದೂ ಹೌದು, ಅದಕ್ಕೆ ಪುಡಿಗಾಸು ಸಿಗುತ್ತಿತ್ತು. ಆ ಚೀಟಿಯಲ್ಲಿ ಏನಿತ್ತು? ಮೇಲೆ ಒಂದು ಪದ. ಕೆಳಗೆ ಆ ಪದ ಇರುವ ಒಂದು ವಾಕ್ಯ, ಯಾವುದೋ ಪುಸ್ತಕದಿಂದ ಬರೆದುಕೊಂಡದ್ದು. ಈ ವಾಕ್ಯಗಳನ್ನು ಹರಡಿ, ಬೇರೆ ಬೇರೆ ಮಾಡಿ, ಆಮೇಲೆ ಅರ್ಥ ಬರೆದರು. ಮೊದಲು ವಾಕ್ಯ, ಆಮೇಲೆ ಅರ್ಥ! 10 ವರ್ಷದಲ್ಲಿ ಮುಗಿಯುತ್ತೆ ಅಂದುಕೊಂಡಿದ್ದ ಕೆಲಸ ಮುಗಿದದ್ದು 1928ರಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು.

ಅಂಥವರೇ ವಾಕ್ಯದಿಂದ ಶುರು ಮಾಡಿದ್ದಾರೆ. ನಾವು ಮಾತ್ರ ಮಕ್ಕಳ ಕೈಯಲ್ಲಿ ಒಂದು ಪದ, ಒಂದು ಅರ್ಥ ಅಂತ ಉದ್ದುದ್ದ ಪಟ್ಟಿ ಬರೆಸುತ್ತಲೇ ಇದ್ದೇವೆ. ದಯವಿಟ್ಟು ನಿಲ್ಲಿಸಿ.

ನಮ್ಮ ಮಾತನ್ನೇ ನೋಡಿ. 9 ತಿಂಗಳು ಹಿಡಿಯಿತು ಅಂತ ಈಗಷ್ಟೇ ಅಂದೆ. ಬಸ್ಸು ಹಿಡಿಯುತ್ತೇವೆ, ಮಳೆ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಯಾವ ಮಗುವೂ ಇದನ್ನು ಪಟ್ಟಿ ನೋಡಿ ಕಲಿತಿಲ್ಲ. ವಾಕ್ಯ ಕೇಳಿ ಕಲಿತದ್ದು.

ನನ್ನ ಸಮಯ ಮುಗಿಯುತ್ತಾ ಬಂತು. ಮಕ್ಕಳೇ, ಇವತ್ತು ರಾತ್ರಿ ರನ್ ಇರುವ ನಾಲ್ಕು ವಾಕ್ಯ ಬರೆಯಿರಿ, ನಾಲ್ಕರಲ್ಲೂ ಅರ್ಥ ಬೇರೆ ಇರಲಿ. ನಾಳೆ ಸೆಟ್ ತೆಗೆದುಕೊಳ್ಳಿ. ಅದೇ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ತಿಂದ ಪದ ಅದು. ನಮಸ್ಕಾರ.