ನಾಲ್ಕು ಗಂಟೆಯ ಡಬ್ಬ

ಕೇಳುಗರೆಲ್ಲರಿಗೂ ನಮಸ್ಕಾರ.

ಸಂಜೆ ನಾಲ್ಕು, ನಾಲ್ಕೂವರೆ. ಮಕ್ಕಳು ಶಾಲೆಯಿಂದ ಬರುವ ಹೊತ್ತು. ಶೂ ಒಂದು ಮೂಲೆಗೆ, ಬ್ಯಾಗು ಇನ್ನೊಂದು ಮೂಲೆಗೆ. ಕೈಕಾಲು ತೊಳೆಯುವುದಕ್ಕೂ ಮೊದಲೇ "ತಿನ್ನೋಕೆ ಏನಿದೆ?" ಎಂಬ ಕೂಗು. ಬೆಳಗಿನ ತಿಂಡಿ ಏನು, ಮಧ್ಯಾಹ್ನಕ್ಕೆ ಸಾರೋ ಹುಳಿಯೋ ಎಂದು ಹಿಂದಿನ ರಾತ್ರಿಯೇ ಯೋಚಿಸಿಟ್ಟುಕೊಳ್ಳುವ ನಮ್ಮ ಹತ್ತಿರ ಈ ಕೂಗಿಗೆ ಮಾತ್ರ ಉತ್ತರ ಸಿದ್ಧವಿರುವುದಿಲ್ಲ. ಮಗು ಸ್ಟೂಲು ಎಳೆದುಕೊಂಡು ಶೆಲ್ಫಿಗೆ ಕೈ ಹಾಕುತ್ತದೆ. ಅಲ್ಲಿ ಬಿಸ್ಕತ್ತಿದ್ದರೆ ಬಿಸ್ಕತ್ತು, ಚಿಪ್ಸ್ ಇದ್ದರೆ ಚಿಪ್ಸ್, ಹುರಿಗಡಲೆ ಇದ್ದರೆ ಹುರಿಗಡಲೆ. ಹಲವು ವರ್ಷ ಗೃಹವಿಜ್ಞಾನ ಪಾಠ ಹೇಳಿ, ಈಗ ಮೊಮ್ಮಗಳ ಜೊತೆ ಸಂಜೆ ಕಳೆಯುತ್ತಿರುವ ನನಗೆ ಖಚಿತವಾಗಿರುವ ಮಾತು ಇಷ್ಟು: ಹಸಿದ ಹೊತ್ತಿನಲ್ಲಿ ಯಾರೂ ಆರಿಸುತ್ತಾ ಕೂರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾರೆ. ಆರಿಸುವ ಕೆಲಸ ಅದಕ್ಕೂ ಮುಂಚೆ, ಅಂಗಡಿಯಲ್ಲಿ ಚೀಟಿ ಹಿಡಿದು ನಿಂತಾಗಲೇ ಆಗಿರಬೇಕು.

ಮೊದಲು ಕುಡಿಯುವುದರ ವಿಚಾರ ಹೇಳುತ್ತೇನೆ. ನಮ್ಮ ಲೆಕ್ಕ ತಪ್ಪುವುದು ಅಲ್ಲೇ ಹೆಚ್ಚು.

ಹೋದ ಬೇಸಿಗೆಯಲ್ಲಿ ನನ್ನ ಮೊಮ್ಮಗಳು ಗೆಳತಿಯ ಹುಟ್ಟುಹಬ್ಬಕ್ಕೆ ಹೋದವಳು ಕೋಲಾದ ಸಣ್ಣ ಬಾಟಲಿ ಹಿಡಿದು ಬಂದಳು. 250 ಮಿಲಿಲೀಟರಿನದು. ಕುಡಿಯಬೇಡ ಅಂತ ನಾನು ಅನ್ನಲಿಲ್ಲ. "ಬಾ ಪುಟ್ಟಿ, ಇದರ ಹಿಂದೆ ಏನು ಬರೆದಿದ್ದಾರೆ ಓದು" ಅಂದೆ. 100 ಮಿಲಿಲೀಟರಿಗೆ ಹತ್ತೂವರೆ ಗ್ರಾಂ ಸಕ್ಕರೆ ಅಂತ ಓದಿದಳು. ಹಾಗಾದರೆ ಪೂರ್ತಿ ಬಾಟಲಿಗೆ ಎಷ್ಟಾಯಿತು? ಅವಳೇ ಗುಣಿಸಿ 26 ಗ್ರಾಂ ಅಂದಳು. ಗ್ರಾಂ ಅಂದರೆ ಮಕ್ಕಳಿಗಿರಲಿ, ದೊಡ್ಡವರ ಕಣ್ಣಿಗೂ ಕಟ್ಟುವುದಿಲ್ಲ. ಸಕ್ಕರೆ ಡಬ್ಬ ತೆಗೆದು, ಒಂದು ಸ್ಟೀಲ್ ಲೋಟ ಇಟ್ಟು, ಟೀ ಚಮಚದಲ್ಲಿ ತಲೆತಟ್ಟಿ ಹಾಕು ಅಂದೆ. ಹಾಗೆ ತೆಗೆದ ಒಂದು ಚಮಚಕ್ಕೆ ಸುಮಾರು 4 ಗ್ರಾಂ. ಒಂದು, ಎರಡು, ಮೂರು... ನಾಲ್ಕಾಗುವಷ್ಟರಲ್ಲಿ "ಅಜ್ಜೀ, ಸಾಕಲ್ವಾ?" ಅಂದಳು. ಸಾಲದು ಅಂದೆ. ಆರು ಚಮಚ ಹಾಕಿ, ಏಳನೆಯದರಲ್ಲಿ ಅರ್ಧ ಸುರಿದ ಮೇಲೆ ಲೆಕ್ಕ ಸರಿಹೋಯಿತು. ಲೋಟದ ತಳದಲ್ಲಿ ಬಿಳಿಯ ಗುಡ್ಡೆ. ಅದನ್ನೇ ನೋಡುತ್ತಾ, "ನನ್ನ ಹಾಲಿಗೆ ನೀನು ಒಂದೇ ಚಮಚ ಹಾಕೋದು" ಅಂದಳು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯನ್ನು ಈ ಲೋಟದ ಪಕ್ಕದಲ್ಲಿಟ್ಟು ನೋಡಿ. ನಾವು ಹಾಕಿಕೊಳ್ಳುವ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಸಿಹಿ, ಎಲ್ಲ ಸೇರಿ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇಕಡಾ 10ರ ಒಳಗಿರಬೇಕು, 5ರ ಒಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ಅದು. ದಿನಕ್ಕೆ 2000 ಕ್ಯಾಲೊರಿ ಬೇಕಾಗುವ ದೊಡ್ಡವರಿಗೆ ಆ 5 ಅಂದರೆ 25 ಗ್ರಾಂ. ಒಂದು ಸಣ್ಣ ಬಾಟಲಿಯಲ್ಲೇ ಅಷ್ಟೂ ಮುಗಿದುಹೋಯಿತು. ಅದರಲ್ಲಿ ಹೊಟ್ಟೆ ತುಂಬುವ ಪದಾರ್ಥವೂ ಇಲ್ಲ, ನಾರೂ ಇಲ್ಲ, ಅರ್ಧ ಗಂಟೆಗೆ ಮತ್ತೆ ಹಸಿವು.

ಮೇಲೆ ಮಾವಿನಹಣ್ಣಿನ ಚಿತ್ರ ಇರುವ ಪೊಟ್ಟಣದ ಪಾನೀಯಗಳನ್ನೂ ಹೀಗೇ ಚಮಚದಲ್ಲಿ ಅಳೆದು ನೋಡಿ. ನೀರು ಮೊದಲು, ಹಣ್ಣಿನ ತಿರುಳು ಅಥವಾ ಸಕ್ಕರೆ ಆಮೇಲೆ ಎಂದು ಅದರ ಬೆನ್ನ ಮೇಲೇ ಬರೆದಿರುತ್ತದೆ. ನಮ್ಮಲ್ಲಿ ಪದಾರ್ಥಗಳ ಪಟ್ಟಿಯನ್ನು ತೂಕದ ಪ್ರಕಾರ, ಹೆಚ್ಚಿರುವುದು ಮೊದಲು ಬರುವಂತೆ ಬರೆಯಬೇಕೆಂಬ ನಿಯಮವಿದೆ. ಈ ಒಂದು ನಿಯಮ ಗೊತ್ತಿದ್ದರೆ ಅರ್ಧ ಓದಿದ ಹಾಗೆ. ಮುಂದೆ ದಪ್ಪ ಅಕ್ಷರದಲ್ಲಿ ರಾಗಿ ಬಿಸ್ಕತ್ತು ಅಂತ ಇರುತ್ತದೆ. ತಿರುಗಿಸಿ ನೋಡಿದರೆ ಮೊದಲ ಹೆಸರು ಗೋಧಿಹಿಟ್ಟು ಅಥವಾ ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆಣ್ಣೆ, ರಾಗಿ ಎಲ್ಲೋ ಕೆಳಗೆ. ಸಕ್ಕರೆ ಕೂಡ ಬೇರೆ ಬೇರೆ ಹೆಸರಲ್ಲಿ ಬರುತ್ತದೆ: ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್. ಎಲ್ಲವೂ ಅದೇ ಸಿಹಿ.

ಹಾಲಿಗೆ ಬೆರೆಸುವ ಪುಡಿಗಳ ಬಗ್ಗೆ ತಾಯಂದಿರು ನನ್ನನ್ನು ಬಹಳ ಕೇಳುತ್ತಾರೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಆನ್‌ಲೈನ್ ಅಂಗಡಿಗಳಿಗೆ, ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಿಂದ ತೆಗೆಯಿರಿ ಎಂದು ಸೂಚಿಸಿತು. ನಮ್ಮ ಆಹಾರ ಸುರಕ್ಷತಾ ಕಾಯಿದೆಯಲ್ಲಿ ಹೆಲ್ತ್ ಡ್ರಿಂಕ್ ಎಂಬ ವರ್ಗವೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಇನ್ನೊಂದು ಆದೇಶ ಬಂತು: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಸರಿಹೊಂದದ ಪಾನೀಯದ ಮೇಲೆ, ಭೇದಿಯಾದಾಗ ಕುಡಿಸುವ ಸಕ್ಕರೆ-ಉಪ್ಪಿನ ದ್ರಾವಣದ ಹೆಸರಾದ ಓಆರ್‌ಎಸ್ ಎಂದು ಬರೆಯುವಂತಿಲ್ಲ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಪಟ್ಟು ಹಿಡಿದದ್ದರ ಫಲ ಇದು. ಭೇದಿಯಾದ ಮಗುವಿಗೆ ಸಕ್ಕರೆ ಜಾಸ್ತಿಯಾದರೆ ಭೇದಿ ಹೆಚ್ಚುತ್ತದೆ. ಸರಿಯಾದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ ಗ್ಲೂಕೋಸ್ ಇರಬೇಕಾದದ್ದು 13.5 ಗ್ರಾಂ ಮಾತ್ರ. ಹಾಗಾಗಿ ಔಷಧಿ ಅಂಗಡಿಯಲ್ಲಿ ಕೇಳುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ ತನ್ನಿ. ಇದು ಮಕ್ಕಳ ಜೀವದ ಪ್ರಶ್ನೆ, ಆದ್ದರಿಂದ ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಏನು ಕುಡಿಯಬೇಕು? ಬಾಯಾರಿಕೆಗೆ ನೀರು. ರುಚಿಯೂ ಬೇಕು ಎಂದರೆ ಮಜ್ಜಿಗೆ. ಒಂದು ಲೋಟ ಮೊಸರಿಗೆ ಮೂರು ಲೋಟ ನೀರು ಹಾಕಿ ಕಡೆದು, ಜಜ್ಜಿದ ಶುಂಠಿ, ನಾಲ್ಕು ಕರಿಬೇವಿನ ಎಲೆ ಕಿವುಚಿ, ಚಿಟಿಕೆ ಇಂಗು. ಇಂಗು ಶುಂಠಿ ಚೆನ್ನಾಗಿ ಬಿದ್ದರೆ ಉಪ್ಪು ಕಡಿಮೆ ಸಾಕಾಗುತ್ತದೆ. ಉಪ್ಪಿನ ಮಾತು ಯಾಕೆ ಎಂದರೆ, ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಬೇಕು. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳದಲ್ಲೇ ಅದು ಮುಗಿದಿರುತ್ತದೆ. ಕರಾವಳಿಯವರಿಗೆ ಪುನರ್ಪುಳಿ ಇದೆ, ಶಿರಸಿ ಕಡೆಯವರು ಅದನ್ನೇ ಮುರುಗಲು ಅನ್ನುತ್ತಾರೆ. ಮಲೆನಾಡಿನಲ್ಲಿ ಜೀರಿಗೆ ಕೊತ್ತಂಬರಿ ಕಷಾಯ, ಬಯಲುಸೀಮೆಯಲ್ಲಿ ಅಂಬಲಿ. ಎಳನೀರು ಸಿಕ್ಕರಂತೂ ಸರಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಬೇಕು. ರಾಮನವಮಿಯ ಪಾನಕ ವರ್ಷಕ್ಕೊಮ್ಮೆ ಬರುವ ಸಂತೋಷ. ಅದನ್ನು ದಿನಾ ಮಾಡಿಕೊಂಡು, ಬೆಲ್ಲ ತಾನೇ, ಪರವಾಗಿಲ್ಲ ಅನ್ನುವವರಿದ್ದಾರೆ. ಸಕ್ಕರೆ ಕಾಯಿಲೆಯವರ ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ.

ಇನ್ನು ಕಾಫಿ, ಟೀ. ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ, ಹೊತ್ತು ನೋಡಿ ಕುಡಿಯಿರಿ ಅನ್ನುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ, ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಇವನ್ನು ಕುಡಿಯಬೇಡಿ ಎನ್ನುತ್ತದೆ. ಟೀಯ ಒಗರು ಇದೆಯಲ್ಲ, ಆ ಟ್ಯಾನಿನ್, ಕಾಳಿನಲ್ಲಿ ಸೊಪ್ಪಿನಲ್ಲಿ ಇರುವ ಕಬ್ಬಿಣದ ಅಂಶವನ್ನು ಹಿಡಿದುಕೊಂಡುಬಿಡುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮನೆಯವರಿಗೆಲ್ಲ ಬಡಿಸಿ, ತಾನು ಉಳಿದದ್ದನ್ನು ಉಂಡು, ಕೈ ತೊಳೆದ ಕೂಡಲೇ ಒಂದು ಲೋಟ ಟೀ ಕುಡಿಯುವ ಅಕ್ಕತಂಗಿಯರನ್ನು ನೆನೆದು ಈ ಮಾತು ಹೇಳುತ್ತಿದ್ದೇನೆ. ಆ ಟೀಯನ್ನು ಒಂದು ಗಂಟೆ ಮುಂದಕ್ಕೆ ಹಾಕಿ ನೋಡಿ.

ಈಗ ತಿನ್ನುವುದಕ್ಕೆ ಬರೋಣ. ನನ್ನ ಮಟ್ಟಿಗೆ ಸಂಜೆಯ ತಿಂಡಿಗಳಲ್ಲಿ ಉಸಲಿಗೆ ಸಮನಾದದ್ದು ಇಲ್ಲ. ಹೆಸರುಕಾಳು, ಕಡಲೆಕಾಳು, ಹುರುಳಿ, ಅಲಸಂದೆ, ಅವರೆಯ ಕಾಲ ಬಂದರೆ ಅವರೆ, ಯಾವುದಾದರೂ ಆಗುತ್ತದೆ. ಕಡಲೆಕಾಳಾದರೆ ರಾತ್ರಿ ಪೂರ್ತಿ ನೆನೆಯಬೇಕು, ಹೆಸರುಕಾಳಿಗೆ ಐದಾರು ಗಂಟೆ ಸಾಕು. ಬೆಳಿಗ್ಗೆ ಅನ್ನ ಬೇಳೆ ಕೂಗಿಸುವ ಕುಕ್ಕರಿನಲ್ಲೇ ಒಂದು ಬಟ್ಟಲಿನಲ್ಲಿ ಇಟ್ಟರೆ ಬೇರೆ ಗ್ಯಾಸು ಸುಡುವುದೂ ಬೇಡ. ಸಂಜೆ ಒಂದು ಚಮಚ ಎಣ್ಣೆಗೆ ಸಾಸಿವೆ, ಒಣಮೆಣಸು, ಕರಿಬೇವು, ಇಂಗು. ಬೆಂದ ಕಾಳು ಹಾಕಿ ಎರಡು ಸಲ ಕೈಯಾಡಿಸಿ, ಇಳಿಸಿ, ಮೇಲೆ ತೆಂಗಿನ ತುರಿ. ಕೊನೆಗೆ ಅರ್ಧ ಹೋಳು ನಿಂಬೆ ಹಿಂಡಿ. ನಿಂಬೆ ರುಚಿಗೆ ಮಾತ್ರ ಎಂದುಕೊಂಡಿರುತ್ತೇವೆ. ಅದರ ಸಿ ಜೀವಸತ್ವ ಕಾಳಿನ ಕಬ್ಬಿಣ ಮೈಗೆ ಹತ್ತುವಂತೆ ಮಾಡುತ್ತದೆ.

ಒಲೆ ಹಚ್ಚುವುದಕ್ಕೂ ಪುರಸೊತ್ತಿಲ್ಲದ ದಿನ ಇರುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಮನೆ ಸೇರುವಾಗ ಏಳು ಗಂಟೆ, ಮಗು ನಾಲ್ಕಕ್ಕೇ ಬಂದು ಬೀಗ ತೆಗೆದಿರುತ್ತದೆ. ಅಂಥ ಮನೆಗೆ ಡಬ್ಬವೇ ಆಸರೆ. ಒಂದು ಡಬ್ಬದಲ್ಲಿ ಹುರಿದ ಕಡಲೆಬೀಜ, ಒಂದರಲ್ಲಿ ಹುರಿಗಡಲೆ, ಒಂದರಲ್ಲಿ ಮಂಡಕ್ಕಿ. 100 ಗ್ರಾಂ ಕಡಲೆಬೀಜದಲ್ಲಿ 24–25 ಗ್ರಾಂ ಪ್ರೋಟೀನ್ ಇರುತ್ತದೆ, ಒಂದು ಹಿಡಿಗೆ ಏಳು ಗ್ರಾಂ ಸಿಕ್ಕಿತು. ಕೊಬ್ಬೂ ಸಾಕಷ್ಟಿದೆ, ಆದ್ದರಿಂದ ಒಂದೇ ಹಿಡಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿ ಮಾಡಿ ಕೊಡಿ. ಹಳೇ ಮೈಸೂರು ಕಡೆ ರಾಗಿ ಹುರಿಹಿಟ್ಟು ಇಡುತ್ತಿದ್ದರು, ಈಗಲೂ ಕೆಲವು ಮನೆಗಳಲ್ಲಿ ಇದೆ. ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟು, ಬೇಯಿಸಬೇಕಾಗಿಲ್ಲ. ಹಾಲಿಗೋ ಮೊಸರಿಗೋ ಕಲೆಸಿ, ಕಾಯಿತುರಿ ಉದುರಿಸಿದರೆ ಎಂಟು ವರ್ಷದ ಮಗು ತಾನೇ ಮಾಡಿಕೊಂಡು ತಿನ್ನಬಹುದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇದೆ. ಪಾಲಿಶ್ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಇದರ ಜೊತೆ ಒಂದು ಬಾಳೆಹಣ್ಣೋ ಸೀಬೆಹಣ್ಣೋ ಇದ್ದರೆ ಸಾಕು. ಸೀಬೆಯನ್ನು ಜ್ಯೂಸ್ ಮಾಡಿ ಸೋಸಬೇಡಿ, ನಾರೆಲ್ಲ ಸೋಸುಬಟ್ಟೆಯಲ್ಲೇ ಉಳಿಯುತ್ತದೆ.

ಐದು ರೂಪಾಯಿಗೆ ಬಿಸ್ಕತ್ತು ಪೊಟ್ಟಣ ಎಲ್ಲ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ, ಕೆಡುವುದಿಲ್ಲ, ಮಗು ಅಳು ನಿಲ್ಲಿಸುತ್ತದೆ. ಕೂಲಿ ಮಾಡಿ ಬದುಕುವ ತಾಯಿ ಅದನ್ನು ಕೊಂಡರೆ ತಪ್ಪು ಹುಡುಕುವ ಮನಸ್ಸು ನನಗಿಲ್ಲ. ಅಂಥವರಿಗೆ ನಾನು ಹೇಳುವುದು ಇಷ್ಟೇ: ವಾರದ ಬಿಸ್ಕತ್ತಿನ ದುಡ್ಡು ಒಟ್ಟು ಮಾಡಿದರೆ ಕಾಲು ಕೆ.ಜಿ. ಕಡಲೆಬೀಜ ಬರುತ್ತದೆಯೇ ಒಂದು ಸಲ ಲೆಕ್ಕ ಹಾಕಿ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಇದೆ, 2024ರಿಂದ ಅದಕ್ಕೆ ರಾಗಿ ಮಾಲ್ಟ್ ಕೂಡ ಸೇರಿದೆ. ಮಗು ಅದನ್ನು ಕುಡಿದು ಬರುತ್ತಿದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಹೊರಗೆ ತಿನ್ನುವುದೇ ಬೇಡವೇ ಅಂದರೆ, ಅದೂ ಆಗದ ಮಾತು. ಮಳೆ ಬಿದ್ದ ಸಂಜೆ ಹುಬ್ಬಳ್ಳಿಯವರಿಗೆ ಗಿರ್ಮಿಟ್ ಮಿರ್ಚಿ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಗಿರ್ಮಿಟ್, ಚುರುಮುರಿ ಹೊಟ್ಟೆಗೆ ಹಗುರ, ಕಣ್ಣೆದುರೇ ಕಲೆಸಿ ಕೊಡುತ್ತಾರೆ. ಕರಿದದ್ದಾದರೆ ಎಣ್ಣೆಯ ಬಣ್ಣ ನೋಡಿ. ಕಪ್ಪಾಗಿ, ನೊರೆ ಏಳುತ್ತಾ, ಹೊಗೆಯಾಡುತ್ತಿದ್ದರೆ ಆ ಎಣ್ಣೆ ಎಷ್ಟೋ ಸಲ ಕಾದದ್ದು. ಬಣ್ಣ ಎಂದಾಗ ನೆನಪಾಯಿತು: 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷಿಸಿತು, 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಸಿಕ್ಕಿತು. ಬೊಂಬಾಯಿ ಮಿಠಾಯಿಯ ಕೆಲವು ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೊಡಮಿನ್-ಬಿ ಇತ್ತು. ಆಗಲೇ ಆ ಬಣ್ಣಗಳನ್ನು ನಿಷೇಧಿಸಿದರು. ಗೋಬಿ ಬೇಕು ಅನಿಸಿದರೆ ಬಣ್ಣ ಹಾಕದೆ ಮಾಡಿಕೊಡಿ ಎಂದು ಗಾಡಿಯವರನ್ನು ಬಾಯಿಬಿಟ್ಟು ಕೇಳಿ. ಕೇಳುವವರು ಹೆಚ್ಚಾದಷ್ಟೂ ಬಣ್ಣದ ಡಬ್ಬಿ ಮೂಲೆ ಸೇರುತ್ತದೆ.

ಸಕ್ಕರೆ ಅಳೆದ ಆ ಲೋಟವನ್ನು ಮೊಮ್ಮಗಳು ಆವತ್ತು ಖಾಲಿ ಮಾಡಲು ಬಿಡಲಿಲ್ಲ. ಮೇಲೊಂದು ತಟ್ಟೆ ಮುಚ್ಚಿ ವಾರದವರೆಗೂ ಶೆಲ್ಫಿನ ಮೇಲೆ ಇಟ್ಟುಕೊಂಡಿದ್ದಳು, ಮನೆಗೆ ಬಂದ ಗೆಳತಿಯರಿಗೆಲ್ಲ ತೋರಿಸಿದಳು. ಕೋಲಾವನ್ನು ಅವಳು ಪೂರ್ತಿ ಬಿಟ್ಟಿಲ್ಲ, ಮದುವೆ ಮನೆಯಲ್ಲಿ ಸಿಕ್ಕರೆ ಅರ್ಧ ಲೋಟ ಕುಡಿಯುತ್ತಾಳೆ. ಅರ್ಧ ಲೋಟಕ್ಕೆ ಎಷ್ಟು ಚಮಚ ಎಂದು ನಾನು ಕೇಳುವ ಮೊದಲೇ ಹೇಳುತ್ತಾಳೆ.

ನಿನ್ನೆ ಬೆಳಿಗ್ಗೆ ನೆನೆಹಾಕಿದ ಹುರುಳಿಯನ್ನು ರಾತ್ರಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದೆ. ಈ ಹೊತ್ತು ಮನೆಯಿಂದ ಹೊರಡುವಾಗ ಬಿಚ್ಚಿ ನೋಡಿದರೆ ಸಣ್ಣಗೆ ಬಿಳಿಯ ಮೊಳಕೆ ಕಣ್ಣು ಬಿಟ್ಟಿತ್ತು. ಸಂಜೆ ಶಾಲೆ ಬಿಡುವಷ್ಟರಲ್ಲಿ ಒಗ್ಗರಣೆಗೆ ಸರಿಯಾಗಿರುತ್ತದೆ. ಬರುತ್ತೇನೆ, ನಮಸ್ಕಾರ.