ಮದುವೆ ತಡೆಯೋ ಕಾನೂನೇ ಇರಲಿಲ್ಲ, ಆದರೂ ಆರು ವರ್ಷ ಗಡೀಪಾರು: ಸೆರೆಟ್ಸೆ ಮತ್ತು ರೂತ್ ಕಥೆ

ನಮಸ್ಕಾರ. 1948ರ ಇಂಗ್ಲೆಂಡಿನಲ್ಲಿ ಆಫ್ರಿಕಾದ ಗಂಡು, ಇಂಗ್ಲಿಷ್ ಹೆಣ್ಣು ಮದುವೆ ಆಗಬಾರದು ಅಂತ ಯಾವ ಕಾನೂನೂ ಇರಲಿಲ್ಲ. ಆದರೂ ಆ ವರ್ಷ ಲಂಡನ್ನಿನಲ್ಲಿ ಮದುವೆಯಾದ ಒಂದು ಜೋಡಿ ಗಂಡನ ಊರಲ್ಲಿ ಬಾಳೋ ಹಾಗಿಲ್ಲ ಅಂತ ಬ್ರಿಟಿಷ್ ಸರ್ಕಾರ ಆರು ವರ್ಷ ಪಟ್ಟು ಹಿಡೀತು. ಕಾನೂನಿಲ್ಲದೆ ಇದನ್ನ ಮಾಡಿದ್ದು ಹೇಗೆ? ಇವತ್ತು ಆ ಕಡತಗಳ ಹಿಂದೆ ಹೋಗೋಣ.

ಪರಿಚಯ ಬೇಗ ಮುಗಿಸ್ತೀನಿ. ಗಂಡು ಸೆರೆಟ್ಸೆ ಖಾಮಾ, ಹುಟ್ಟಿದ್ದು 1921ರಲ್ಲಿ, ಈಗಿನ ಬೊಟ್ಸ್ವಾನಾದ ಸೆರೋವೆಯಲ್ಲಿ. ಆಗ ಆ ನಾಡಿನ ಹೆಸರು ಬೆಚುವಾನಾಲ್ಯಾಂಡ್, ಬ್ರಿಟನ್ನಿನ ಆಶ್ರಿತ ಪ್ರದೇಶ. ಅಲ್ಲಿನ ಬಾಂಗ್ವಾಟೊ ಜನರ ಅರಸು ಪಟ್ಟ ಇವರದ್ದು. ಅಪ್ಪ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಹಾಗಾಗಿ ಚಿಕ್ಕಪ್ಪ ತ್ಸೆಕೆಡಿ ಖಾಮಾ ರಾಜ್ಯಭಾರವನ್ನೂ ನೋಡಿಕೊಂಡರು, ಹುಡುಗನನ್ನೂ ಸಾಕಿ ಬೆಳೆಸಿದರು. ಆಕ್ಸ್‌ಫರ್ಡಿಗೆ, ಅಲ್ಲಿಂದ ಲಂಡನ್ನಿಗೆ ಕಾನೂನು ಓದೋಕೆ ಕಳಿಸಿದ್ದೂ ಅವರೇ. ಹೆಣ್ಣು ರೂತ್ ವಿಲಿಯಮ್ಸ್. ಯುದ್ಧದ ಕಾಲದಲ್ಲಿ ವಾಯುಪಡೆಯ ಮಹಿಳಾ ದಳದಲ್ಲಿ ಆಂಬುಲೆನ್ಸ್ ಓಡಿಸಿದವರು, ಆಮೇಲೆ ಲಂಡನ್ನಿನಲ್ಲಿ ವಿಮಾ ವ್ಯವಹಾರದ ಕಚೇರಿಯಲ್ಲಿ ಗುಮಾಸ್ತೆ. 1947ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಒಂದು ನೃತ್ಯಕೂಟದಲ್ಲಿ ರೂತ್ ಅವರ ಸೋದರಿ ಇಬ್ಬರ ಪರಿಚಯ ಮಾಡಿಸಿದರು. ಇಬ್ಬರಿಗೂ ಜಾಝ್ ಅಂದ್ರೆ ಪ್ರಾಣ. ಒಂದು ವರ್ಷದಲ್ಲಿ ಮದುವೆ ಮಾತಿಗೆ ಬಂತು.

ಮನೆಯವರ ವಿರೋಧ ಎರಡೂ ಕಡೆಯಿಂದ ಬಂತು. ರೂತ್ ಅವರ ತಂದೆ ಮಗಳನ್ನ ಮನೆಯಿಂದ ಆಚೆ ಹಾಕಿದರು. ಕೆಲಸವೂ ಹೋಯ್ತು. ಅತ್ತ ಸೆರೋವೆಯಲ್ಲಿ ಚಿಕ್ಕಪ್ಪನಿಗೆ ಪತ್ರ ತಲುಪಿದ್ದೇ ತಡ, ವಕೀಲರ ಮೂಲಕ, ಮಿಷನರಿ ಸೊಸೈಟಿಯ ಮೂಲಕ ಮದುವೆ ನಿಲ್ಲಿಸೋ ಪ್ರಯತ್ನ ಶುರು.

ಈಗ ಮದುವೆಯ ನಿಯಮ ನೋಡಿ. ಆಗಿನ ಇಂಗ್ಲೆಂಡಿನಲ್ಲಿ 21 ತುಂಬಿದವರಿಗೆ ಅಪ್ಪ-ಅಮ್ಮನ ಒಪ್ಪಿಗೆ ಬೇಕಿರಲಿಲ್ಲ. ರೂತ್‌ಗೆ 24, ಸೆರೆಟ್ಸೆಗೆ 27. ಅಂದ್ರೆ ಮನೆಯವರು ಏನೇ ಕೂಗಾಡಿದರೂ ಕಾಗದದ ಮೇಲೆ ಅದಕ್ಕೆ ಬೆಲೆಯಿಲ್ಲ. ಹಾಗಾಗಿ ಒತ್ತಡವೆಲ್ಲ ಪಾದ್ರಿಗಳ ಮೇಲೆ ಬಿತ್ತು. 1948ರ ಸೆಪ್ಟೆಂಬರ್ 25, ಶನಿವಾರ, ಕೆನ್ಸಿಂಗ್ಟನ್ ಭಾಗದ ಒಂದು ಚರ್ಚಿನಲ್ಲಿ ಮದುವೆ ಗೊತ್ತಾಗಿತ್ತು. ಕೊನೇ ಗಳಿಗೆಯಲ್ಲಿ ಪಾದ್ರಿಗೆ ಧೈರ್ಯ ಸಾಲದೆ ಹೋಯ್ತು, ಬಿಷಪ್ ಅವರನ್ನ ಕೇಳೋಣ ಅಂದರು. ಲಂಡನ್ನಿನ ಬಿಷಪ್ ಹತ್ತಿರದಲ್ಲೇ ಇನ್ನೊಂದು ಚರ್ಚಿನಲ್ಲಿದ್ದರು. ಅಲ್ಲಿಗೇ ಹೋಗಿ ಕೇಳಿದ್ದಾಯ್ತು. ಅವರು ಸರ್ಕಾರ ಒಪ್ಪಲಿ, ಆಮೇಲೆ ನೋಡೋಣ ಅಂದರು.

ಈ ಪ್ರಕರಣದ ಉದ್ದಕ್ಕೂ ಇದೇ ನಡೆಯೋದು. ನಮ್ಮದೇನೂ ಅಭ್ಯಂತರವಿಲ್ಲ, ಆದರೆ ನಾಲ್ಕು ಜನ ಏನಂತಾರೆ ಅನ್ನೋ ಮಾತು. ಪಾದ್ರಿ ಬಿಷಪ್ ಕಡೆ ಕೈ ತೋರಿಸ್ತಾರೆ, ಬಿಷಪ್ ಸರ್ಕಾರದ ಕಡೆ. ಸರ್ಕಾರ ಯಾರ ಕಡೆ ತೋರಿಸಿತು ಅನ್ನೋದಕ್ಕೆ ಈಗ ಬರ್ತೀನಿ. ನನ್ನ ಪ್ರಕಾರ ಬಾಯಿಬಿಟ್ಟು ಬೈಯೋ ದ್ವೇಷಕ್ಕಿಂತ ಇದು ಹೆಚ್ಚು ಹಾನಿ ಮಾಡಿತು. ಬೈಯೋನಿಗೆ ಎದುರುತ್ತರ ಕೊಡಬಹುದು, ಕೈ ತೋರಿಸೋನಿಗೆ ಏನಂತ ಉತ್ತರ ಕೊಡೋದು?

ಆದರೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಈ ಆಟ ನಡೆಯಲ್ಲ. ಲೈಸೆನ್ಸ್ ತೆಗೆದುಕೊಂಡು ಆಗೋ ಸಿವಿಲ್ ಮದುವೆಗೆ ನೋಟಿಸ್ ಕೊಟ್ಟ ಮೇಲೆ ನಡುವೆ ಒಂದು ಪೂರ್ತಿ ದಿನ ಬಿಟ್ಟರೆ ಸಾಕಿತ್ತು. ಅಧಿಕಾರಿ ನೋಡಬೇಕಾದದ್ದು ವಯಸ್ಸು, ಹತ್ತಿರದ ರಕ್ತಸಂಬಂಧ ಇದೆಯಾ, ಮೊದಲೇ ಮದುವೆ ಆಗಿದೆಯಾ, ಇಂಥವು. ಎಲ್ಲ ಸರಿ ಇದ್ದು ಇಬ್ಬರು ಸಾಕ್ಷಿಗಳು ಬಂದರೆ, ನನಗಿಷ್ಟ ಇಲ್ಲ ಅನ್ನೋಕೆ ಅವರಿಗೆ ಅಧಿಕಾರ ಇಲ್ಲ. ಸೆಪ್ಟೆಂಬರ್ 29, ಬುಧವಾರ, ಕೆನ್ಸಿಂಗ್ಟನ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಆಗೇಹೋಯ್ತು.

[ಪರದೆ: ಸೆರೋವೆಯ ಖೋಟ್ಲಾ]

ಇನ್ನು ಊರಿನ ಪಂಚಾಯ್ತಿ. ಬಾಂಗ್ವಾಟೊ ಜನ ದೊಡ್ಡ ವಿಚಾರ ತೀರ್ಮಾನಿಸೋದು ಖೋಟ್ಲಾ ಅನ್ನೋ ಬಯಲು ಸಭೆಯಲ್ಲಿ. ಗಾಳಿಗೆ ಅಡ್ಡವಾಗಿ ಮರದ ಗೂಟಗಳನ್ನ ಅರ್ಧಚಂದ್ರಾಕಾರವಾಗಿ ನೆಟ್ಟಿರ್ತಾರೆ, ಅದರ ಮುಂದೆ ಗಂಡಸರು ಕೂರ್ತಿದ್ದರು. ಯಾರು ಬೇಕಾದರೂ ಎದ್ದು ಮಾತಾಡಬಹುದು, ಅರಸ ಎಲ್ಲರದ್ದೂ ಕೇಳಿ ಕೊನೆಗೆ ಮಾತಾಡ್ತಾನೆ. ಆ ಕಾಲಕ್ಕೆ ಹೆಂಗಸರಿಗೆ ಅಲ್ಲಿ ಜಾಗ ಇರಲಿಲ್ಲ, ಅದನ್ನ ಮುಚ್ಚಿಡಬಾರದು.

ಚಿಕ್ಕಪ್ಪನ ವಾದ ಏನು? ಅರಸನ ಹೆಂಡತಿ ಅಂದ್ರೆ ಮುಂದಿನ ಅರಸನ ತಾಯಿ. ಆಕೆಯನ್ನ ಊರು ಒಪ್ಪಬೇಕು, ಇವನು ಯಾರನ್ನೂ ಕೇಳಲಿಲ್ಲ. 1948ರ ನವೆಂಬರಿನ ಸಭೆಯಲ್ಲಿ ಹೆಚ್ಚಿನವರು ಚಿಕ್ಕಪ್ಪನ ಕಡೆ. ಡಿಸೆಂಬರಿನಲ್ಲಿ ಇನ್ನೊಂದು ಸಭೆ, ಅಷ್ಟರಲ್ಲಿ ವಿರೋಧ ಸಡಿಲವಾಗತೊಡಗಿತ್ತು. 1949ರ ಜೂನ್‌ನಲ್ಲಿ ಮೂರನೇ ಸಭೆ, ಹಲವು ದಿನ ನಡೆಯಿತು, ಸಾವಿರಾರು ಜನ ಬಂದರು. ಕೊನೆಗೆ ಸೆರೆಟ್ಸೆ ನೇರವಾಗಿ, ನನ್ನ ಹೆಂಡತಿಯನ್ನ ಒಪ್ಪದವರು ಎದ್ದು ನಿಲ್ಲಿ ಅಂದರು. ನಲವತ್ತರ ಆಸುಪಾಸು ಮಂದಿ ಎದ್ದರು. ಒಪ್ಪುವವರು ಎದ್ದು ನಿಲ್ಲಿ ಅಂದಾಗ ಉಳಿದ ಬಯಲೇ ಎದ್ದು ನಿಂತಿತು.

ಏಳು ತಿಂಗಳಲ್ಲಿ ಇಷ್ಟು ಬದಲಾವಣೆ ಹೇಗೆ? ಒಂದು, ಈ ಹುಡುಗ ಹೆಂಡತಿಯನ್ನಂತೂ ಬಿಡಲ್ಲ, ಬೇಡ ಅಂದರೆ ಅವನೂ ಬರಲ್ಲ ಅನ್ನೋದು ಜನಕ್ಕೆ ಖಾತ್ರಿಯಾಯ್ತು. ಇನ್ನೊಂದು, ಇಷ್ಟೆಲ್ಲ ಮಾಡ್ತಿರೋದು ಪಟ್ಟ ತನಗೇ ಉಳಿಸಿಕೊಳ್ಳೋಕಾ ಅಂತ ಚಿಕ್ಕಪ್ಪನ ಮೇಲೆ ಅನುಮಾನ ಹುಟ್ಟಿತು. ಸೋತ ತ್ಸೆಕೆಡಿ ತಮ್ಮವರನ್ನ ಕರೆದುಕೊಂಡು ಆ ಸೀಮೆಯನ್ನೇ ಬಿಟ್ಟು ಹೋದರು. ಆಗಸ್ಟಿನಲ್ಲಿ ರೂತ್ ಆಫ್ರಿಕಾಕ್ಕೆ ಬಂದಿಳಿದರು. ಮನೆ ಜಗಳ, ಊರ ಜಗಳ ಎರಡೂ ಇಲ್ಲಿಗೆ ಮುಗಿಯಬೇಕಿತ್ತು.

[ಪರದೆ: ನಕ್ಷೆ, ಗಡಿಯ ಕೆಳಗೆ ಮಾಫೆಕಿಂಗ್]

ಈಗ ಈ ನಕ್ಷೆ ನೋಡಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಇಡೀ ಪ್ರಕರಣದ ಗಂಟು ಇಲ್ಲೇ ಇದೆ. ಬೆಚುವಾನಾಲ್ಯಾಂಡ್ ಸುಮಾರು 5.8 ಲಕ್ಷ ಚದರ ಕಿಲೋಮೀಟರ್, ಫ್ರಾನ್ಸಿಗಿಂತ ದೊಡ್ಡದು. ಇಷ್ಟು ದೊಡ್ಡ ನಾಡಿನ ಆಡಳಿತ ಕೇಂದ್ರ ಎಲ್ಲಿತ್ತು? ಆ ನಾಡಿನಲ್ಲಿ ಇರಲಿಲ್ಲ. ಗಡಿ ದಾಟಿ ಸುಮಾರು 25 ಕಿಲೋಮೀಟರ್ ದಕ್ಷಿಣಕ್ಕೆ, ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಊರಲ್ಲಿತ್ತು. ಬ್ರಿಟಿಷ್ ರೆಸಿಡೆಂಟ್ ಕಮಿಷನರ್ ಕೂರ್ತಿದ್ದದ್ದು ಅಲ್ಲೇ, ದಫ್ತರಗಳೂ ಅಲ್ಲೇ. 1890ರ ದಶಕದಿಂದ 1965ರ ತನಕ ಹೀಗೇ ನಡೆಯಿತು. ಮನೆ ನಮ್ಮದು, ಬೀಗದ ಕೈ ಪಕ್ಕದ ಮನೆಯವರ ಗೋಡೆಯ ಮೊಳೆಯಲ್ಲಿ.

ಆ ಪಕ್ಕದ ಮನೆಯವರು ಯಾರು? 1948ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮಲಾನ್ ಅವರ ನ್ಯಾಷನಲ್ ಪಾರ್ಟಿ ಗೆದ್ದು ಅಪಾರ್ಥೈಡ್, ಅಂದ್ರೆ ಬಣ್ಣ ನೋಡಿ ಜನರನ್ನ ಬೇರೆ ಇಡೋ ವ್ಯವಸ್ಥೆ, ಕಟ್ಟೋಕೆ ಶುರು ಮಾಡಿತ್ತು. 1949ರಲ್ಲಿ, ಅಂದ್ರೆ ಸೆರೋವೆಯ ಜನ ರೂತ್ ಅವರನ್ನ ಒಪ್ಪಿಕೊಂಡ ವರ್ಷವೇ, ಬಿಳಿಯರು ಬೇರೆ ವರ್ಣದವರನ್ನ ಮದುವೆ ಆಗೋದನ್ನ ನಿಷೇಧಿಸೋ ಕಾಯ್ದೆ ತಂದರು. ಗಡಿಯಾಚೆ ಅಂಥದ್ದೇ ಜೋಡಿ ಅರಮನೆಯಲ್ಲಿ ಕೂತರೆ ಅವರ ಕಾಯ್ದೆಯ ಮುಖ ಏನಾಗಬೇಕು? ಹಾಗಾಗಿ ಸೆರೆಟ್ಸೆ ನಮ್ಮ ದೇಶಕ್ಕೆ ಕಾಲಿಡೋ ಹಾಗಿಲ್ಲ ಅಂತ ಆದೇಶ ಹೊರಡಿಸಿದರು. ಉತ್ತರದ ಕಡೆಯ ದಕ್ಷಿಣ ರೊಡೇಷಿಯಾ, ಅಂದ್ರೆ ಈಗಿನ ಜಿಂಬಾಬ್ವೆಯ, ಬಿಳಿಯರ ಸರ್ಕಾರವೂ ಬ್ರಿಟನ್ನಿಗೆ ವಿರೋಧ ಮುಟ್ಟಿಸಿತು.

ಬ್ರಿಟನ್ ಏನು ಮಾಡಿತು? ಈತ ಅರಸನಾಗಲು ಅರ್ಹನಾ ಅಂತ ನ್ಯಾಯಮೂರ್ತಿ ವಾಲ್ಟರ್ ಹ್ಯಾರಗಿನ್ ಅವರ ನೇತೃತ್ವದಲ್ಲಿ ತನಿಖೆ ಕೂರಿಸಿತು. ವರದಿ ಏನು ಹೇಳಿತು ಗೊತ್ತಾ? ಖೋಟ್ಲಾ ಸಭೆ ಕ್ರಮಬದ್ಧ. ಈ ಮದುವೆಯೊಂದನ್ನ ಬಿಟ್ಟರೆ ಅರಸನಾಗೋಕೆ ಈತನಿಗೆ ಯಾವ ಕೊರತೆಯೂ ಇಲ್ಲ. ಆದರೆ ದಕ್ಷಿಣ ಆಫ್ರಿಕಾದೊಳಗೆ ಹೋಗಲಾರದ ಅರಸ ಮಾಫೆಕಿಂಗ್ ಕಚೇರಿಗೂ ಹೋಗಲಾರ, ಹಾಗಾಗಿ ಕೆಲಸ ಸರಿಯಾಗಿ ನಡೆಸಲಾರ. ಜೊತೆಗೆ ನೆರೆಯ ಬಿಳಿ ಸರ್ಕಾರಗಳ ಸ್ನೇಹ ಈ ಜನಕ್ಕೆ ಬೇಕೇ ಬೇಕು. ಆದ್ದರಿಂದ ಪಟ್ಟ ಬೇಡ.

ಮದುವೆ ಆದದ್ದಕ್ಕೆ ಪ್ರವೇಶ ನಿಷೇಧ, ಪ್ರವೇಶ ಇಲ್ಲದ್ದಕ್ಕೆ ಅನರ್ಹತೆ. ಎಲ್ಲೂ ಬಣ್ಣದ ಮಾತೇ ಎತ್ತದೆ ಕೆಲಸ ಮುಗಿಸಬಹುದು. ಕಚೇರಿಯನ್ನ ಗಡಿಯೊಳಕ್ಕೆ ತಂದರೆ ಆ ಮೊದಲನೇ ಕಾರಣವೇ ಬಿದ್ದುಹೋಗ್ತಿತ್ತು. ಅದರ ಬದಲು ವರದಿಯನ್ನೇ ಸುಮಾರು ಮೂವತ್ತು ವರ್ಷ ಬಚ್ಚಿಟ್ಟರು. ಪ್ರಕಟವಾಗಿದ್ದರೆ ಕಾರಣ ದಕ್ಷಿಣ ಆಫ್ರಿಕಾ ಅನ್ನೋದು ಬಯಲಾಗ್ತಿತ್ತು. ಯುದ್ಧದಲ್ಲಿ ಸೊರಗಿದ್ದ ಬ್ರಿಟನ್ನಿಗೆ ಆ ದೇಶದ ಚಿನ್ನ ಬೇಕಿತ್ತು, ಅಣುಬಾಂಬಿಗೆ ಯುರೇನಿಯಂ ಬೇಕಿತ್ತು. ಬೆಚುವಾನಾಲ್ಯಾಂಡನ್ನೇ ಅವರು ನುಂಗಿಬಿಟ್ಟಾರು ಅನ್ನೋ ಭಯವೂ ಇತ್ತು. ಆದರೂ ಸಂಸತ್ತಿನಲ್ಲಿ ಹೊರಗಿನ ಒತ್ತಡವೇ ಇಲ್ಲ ಅಂತ ವಾದಿಸಿದರು. ಈ ಮನುಷ್ಯನಿಗೆ ಆದ ಅನ್ಯಾಯದಷ್ಟೇ ದೊಡ್ಡದು ಆ ಸುಳ್ಳು ಅಂತ ನಾನು ಹೇಳ್ತೀನಿ.

1950ರ ಫೆಬ್ರವರಿಯಲ್ಲಿ ಮಾತುಕತೆಗೆ ಅಂತ ಸೆರೆಟ್ಸೆಯನ್ನ ಲಂಡನ್ನಿಗೆ ಕರೆಸಿದರು. ಬಸುರಿ ರೂತ್ ಬೇಕಂತಲೇ ಸೆರೋವೆಯಲ್ಲಿ ಉಳಿದರು, ಇಬ್ಬರೂ ಹೊರಟರೆ ಇಬ್ಬರಿಗೂ ಬಾಗಿಲು ಮುಚ್ಚಿಬಿಡ್ತಾರೆ ಅನ್ನೋ ಅಂದಾಜು. ಅಂದಾಜು ಸರಿಯಾಗಿತ್ತು. ವರ್ಷಕ್ಕೆ 1,100 ಪೌಂಡ್ ಕೊಡ್ತೀವಿ, ಪಟ್ಟ ಬಿಡಿ ಅಂದರು. ಸೆರೆಟ್ಸೆ ಒಪ್ಪಲಿಲ್ಲ. ಮಾರ್ಚಿನಲ್ಲಿ ಐದು ವರ್ಷ ಗಡೀಪಾರು ಘೋಷಣೆಯಾಯ್ತು. ಮೋಸ ಹೋದೆವು ಅಂತ ಅವರು ಹೆಂಡತಿಗೆ ಟೆಲಿಗ್ರಾಂ ಕಳಿಸಿದರು. ಮೇ ತಿಂಗಳಲ್ಲಿ ಸೆರೋವೆಯಲ್ಲಿ ಮಗಳು ಹುಟ್ಟಿದಳು. ಅದಾದ ಮೇಲೆ ಮೂವರೂ ಇಂಗ್ಲೆಂಡಿನಲ್ಲಿ.

ಸಮಯ ಮೀರ್ತಾ ಇದೆ, ಉಳಿದದ್ದು ಒಟ್ಟಿಗೇ ಹೇಳಿಬಿಡ್ತೀನಿ. ವಿರೋಧ ಪಕ್ಷದಲ್ಲಿದ್ದಾಗ ಇದನ್ನ ಖಂಡಿಸಿದ್ದ ಚರ್ಚಿಲ್ ಅಧಿಕಾರಕ್ಕೆ ಬಂದರು. 1952ರಲ್ಲಿ ಅವರದೇ ಸರ್ಕಾರ ಗಡೀಪಾರನ್ನ ಕಾಯಂ ಮಾಡಿ, ಜಮೈಕಾದಲ್ಲಿ ಕೆಲಸ ಕೊಡ್ತೀವಿ ಅಂತು. ಸೆರೆಟ್ಸೆ ಬೇಡ ಅಂದರು. ಆ ಜೂನ್‌ನಲ್ಲಿ ಸೆರೋವೆಯಲ್ಲಿ ಗಲಭೆಯಾಗಿ ಮೂವರು ಪೊಲೀಸರು ಸತ್ತರು. ಬೇರೆ ಅರಸನನ್ನ ಆರಿಸಿ ಅಂದರೆ ಬಾಂಗ್ವಾಟೊ ಜನ ಜಪ್ಪಯ್ಯ ಅನ್ನಲಿಲ್ಲ. 1956ರಲ್ಲಿ ಚಿಕ್ಕಪ್ಪ, ಸೆರೆಟ್ಸೆ ಇಬ್ಬರೂ ರಾಜಿಯಾಗಿ ಪಟ್ಟ ಬಿಟ್ಟುಕೊಟ್ಟರು. ಸೆರೆಟ್ಸೆ ಸಾಮಾನ್ಯ ಪ್ರಜೆಯಾಗಿ ಊರಿಗೆ ಬಂದರು. 1958ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದಾಗ ಒಬ್ಬನಿಗೆ ತ್ಸೆಕೆಡಿ ಅಂತ ಚಿಕ್ಕಪ್ಪನ ಹೆಸರನ್ನೇ ಇಟ್ಟರು. 1962ರಲ್ಲಿ ಪಕ್ಷ ಕಟ್ಟಿದರು, 1965ರ ಚುನಾವಣೆಯಲ್ಲಿ 31ರಲ್ಲಿ 28 ಸ್ಥಾನ ಗೆದ್ದರು. ಅದೇ ವರ್ಷ ಆಡಳಿತ ಮಾಫೆಕಿಂಗ್ ಬಿಟ್ಟು, ಗಡಿಯೊಳಗೆ ಹೊಸದಾಗಿ ಕಟ್ಟಿದ ಗ್ಯಾಬರೋನ್‌ಗೆ ಬಂತು. 1966ರ ಸೆಪ್ಟೆಂಬರ್ 30ಕ್ಕೆ ಬೊಟ್ಸ್ವಾನಾ ಸ್ವತಂತ್ರವಾದಾಗ ಅವರೇ ಮೊದಲ ಅಧ್ಯಕ್ಷರು. 1980ರಲ್ಲಿ ತೀರಿಕೊಳ್ಳೋ ತನಕ ಅದೇ ಹುದ್ದೆಯಲ್ಲಿದ್ದರು. ರೂತ್ ಇಂಗ್ಲೆಂಡಿಗೆ ವಾಪಸ್ ಹೋಗಲಿಲ್ಲ, 2002ರಲ್ಲಿ ತೀರಿಕೊಂಡಾಗ ಸೆರೋವೆಯಲ್ಲೇ ಗಂಡನ ಪಕ್ಕ ಮಣ್ಣು ಮಾಡಿದರು. ದಕ್ಷಿಣ ಆಫ್ರಿಕಾ ಆ ಮದುವೆ ನಿಷೇಧ ಕಾಯ್ದೆಯನ್ನ ಕೈಬಿಟ್ಟದ್ದು 1985ರಲ್ಲಿ.